ಎಂಟರ್ ಹೊಡೆದರೆ ಪ್ರಾಂಪ್ಟ್ ಬರಲು ಮೂರು ಸೆಕೆಂಡ್: ಗಿಟ್ ಸ್ಟೇಟಸ್ ಅಳೆದು ದೋಷ ಹುಡುಕಿದ ಬಗೆ

"ಸರ, ಹೊಸಾ ಲ್ಯಾಪ್‌ಟಾಪ್ ಕೊಟ್ರಿ, ಖರೇ. ಆದ್ರ ಹಳೇದಕ್ಕಿಂತ ಇದೇ ಸ್ಲೋ ಐತಲ್ರೀ."

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಎರಡು ಕೋಣೆಯ ಆಫೀಸಿನಲ್ಲಿ ಒಂದು ಶನಿವಾರ ಈ ಮಾತು ಬಂತು. ಹೇಳಿದವಳು ಹೊಸದಾಗಿ ಸೇರಿದ ಹುಡುಗಿ. ಟರ್ಮಿನಲ್ ತೆರೆದು, ಏನೂ ಟೈಪ್ ಮಾಡದೆ, ಸುಮ್ನೆ ಎಂಟರ್ ಹೊಡೆದು ತೋರಿಸಿದಳು. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ಪ್ರಾಂಪ್ಟ್, ಅಂದರೆ ಮುಂದಿನ ಕಮಾಂಡಿಗೆ ಕಾಯುವ ಸಾಲು, ಬಂತು. ಮತ್ತೆ ಎಂಟರ್, ಮತ್ತೆ ಮೂರು ಸೆಕೆಂಡ್. ಅವಳ ಹಳೆಯ ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಅದೇ ಪ್ರಾಜೆಕ್ಟ್, ಅದೇ ಸೆಟ್ಟಿಂಗ್. ಅಲ್ಲಿ ಎಂಟರ್ ಹೊಡೆದರೆ ತಕ್ಷಣ ಬರುತ್ತಿತ್ತು.

ನನಗೆ ಮೊದಲು ಅನುಮಾನ ಬಂದದ್ದು ಹೊಸ ಎಸ್‌ಎಸ್‌ಡಿ ಮೇಲೆ. ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದೆ. ತಪ್ಪು ನನ್ನದೇ ಎಂದು ಗೊತ್ತಾಗಿದ್ದು ಸಂಜೆಗೆ. ನಡುವೆ ಏನೇನು ಅಳೆದೆವು, ಯಾವ ಅಳತೆ ಏನು ಹೇಳಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮಗೂ ಇದೇ ರೋಗ ಇದ್ದರೆ ಅರ್ಧ ದಿನ ಉಳಿಯುತ್ತದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲ ಚಿಕ್ಕಕ್ಷರ. ಉದ್ದ ಆಪ್ಶನ್ ಆದರೆ ಮುಂದೆ ಎರಡು ಗೆರೆ, ಪದಗಳ ನಡುವೆ ಒಂದೊಂದು ಗೆರೆ. ಎನ್ವಿರಾನ್‌ಮೆಂಟ್ ವೇರಿಯೇಬಲ್ ಆದರೆ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್.

ಮೊದಲು ಕೇಳಬೇಕಾದ್ದು: ತಡ ಯಾವಾಗ?

ಟರ್ಮಿನಲ್ ತೆರೆಯುವಾಗ ಒಮ್ಮೆ ತಡ ಆಗಿ ಆಮೇಲೆ ಸರಿ ಹೋಗುತ್ತದೆಯೋ, ಅಥವಾ ಪ್ರತಿ ಎಂಟರ್‌ಗೂ ತಡವೋ? ಇವು ಬೇರೆ ಬೇರೆ ದೋಷ. ಮೊದಲನೆಯದಕ್ಕೆ ಕಾರಣ ಬ್ಯಾಶ್‌ಆರ್‌ಸಿ ಅಥವಾ ಜೆಡ್‌ಶ್‌ಆರ್‌ಸಿ ಫೈಲಿನಲ್ಲಿ (ಟರ್ಮಿನಲ್ ಒಳಗಿನ ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಸೇರಿಸಿಕೊಂಡ ಪ್ಲಗಿನ್‌ಗಳು. ಅದರ ಬಗ್ಗೆ ಇಲ್ಲಿ ಮಾತಿಲ್ಲ. ಎರಡನೆಯದು ಪ್ರಾಂಪ್ಟಿನ ದೋಷ. ನಮ್ಮ ಪ್ರಾಂಪ್ಟ್ ಪ್ರತಿ ಸಲವೂ ಗಿಟ್ ಅನ್ನು, ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಉಪಕರಣವನ್ನು, ಕೇಳಿ ಬ್ರ್ಯಾಂಚ್ ಹೆಸರನ್ನೂ, ಏನಾದರೂ ಬದಲಾಗಿದ್ದರೆ ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ತೋರಿಸುತ್ತದೆ.

ಪ್ರಾಜೆಕ್ಟ್ ಬಿಟ್ಟು ಟೆಂಪ್ ಫೋಲ್ಡರಿಗೆ ಹೋಗಿ ಎಂಟರ್ ಹೊಡೆಯಿರಿ. ಅಲ್ಲಿ ಚುರುಕಾಗಿದ್ದು ಪ್ರಾಜೆಕ್ಟ್ ಒಳಗೆ ಮಾತ್ರ ತಡ ಆದರೆ ಕೈ ಗಿಟ್ ಕಡೆ ತೋರಿಸುತ್ತದೆ. ಹೋಮ್ ಫೋಲ್ಡರಿನೊಳಗೆ ಎಲ್ಲ ಕಡೆಯೂ ತಡ ಆದರೆ ಗಿಟ್‌ನ ರೆವ್ ಪಾರ್ಸ್ ಕಮಾಂಡಿಗೆ ಶೋ ಟಾಪ್‌ಲೆವೆಲ್ ಆಪ್ಶನ್ ಕೊಟ್ಟು ನೋಡಿ. ಯಾವತ್ತೋ ಹೋಮ್ ಫೋಲ್ಡರಿನಲ್ಲಿ ನಿಂತು ತಿಳಿಯದೆ ಗಿಟ್ ಇನಿಟ್ ಹೊಡೆದಿರುತ್ತೀರಿ. ಆಗ ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಎಲ್ಲವೂ ಒಂದೇ ದೊಡ್ಡ ರೆಪೊ (ಗಿಟ್ ಲೆಕ್ಕ ಇಡುವ ಫೋಲ್ಡರ್) ಆಗಿಬಿಡುತ್ತದೆ. ನಗಬೇಡಿ, ಇದನ್ನು ನಾನು ಎರಡು ಸಲ ನೋಡಿದ್ದೇನೆ.

ಆಮೇಲೆ ಬ್ಯಾಶ್ ಅನ್ನು ನೋಆರ್‌ಸಿ ಆಪ್ಶನ್ ಹಾಕಿ ತೆರೆಯಿರಿ. ಆಗ ಬೋಳು ಪ್ರಾಂಪ್ಟ್ ಬರುತ್ತದೆ. ನಮ್ಮ ಹುಡುಗಿಯ ಯಂತ್ರದಲ್ಲಿ ಬೋಳು ಪ್ರಾಂಪ್ಟ್ ಪ್ರಾಜೆಕ್ಟ್ ಒಳಗೂ ಮಿಂಚಿನ ಹಾಗೆ ಬಂತು. ಅದೇ ಜಾಗದಲ್ಲಿ ಕೈಯಾರೆ ಗಿಟ್ ಸ್ಟೇಟಸ್ ಕೊಟ್ಟಾಗ ಮತ್ತೆ ಮೂರು ಸೆಕೆಂಡ್. ಅಂದರೆ ಶೆಲ್ ನಿರಪರಾಧಿ. ಪ್ರಾಂಪ್ಟ್ ಸುಮ್ನೆ ಗಿಟ್‌ಗಾಗಿ ಕಾಯುತ್ತ ಕೂತಿದೆ.

ಗಿಟ್ ಸ್ಟೇಟಸ್ ಅಷ್ಟು ಹೊತ್ತು ಏನು ಮಾಡುತ್ತದೆ?

ಬ್ರ್ಯಾಂಚ್ ಹೆಸರು ಹೇಳುವುದು ದೊಡ್ಡ ಕೆಲಸವಲ್ಲ. ಡಾಟ್ ಗಿಟ್ ಫೋಲ್ಡರಿನ ಹೆಡ್ ಎಂಬ ಸಣ್ಣ ಫೈಲಿನಲ್ಲಿ ಅದು ಒಂದು ಸಾಲಾಗಿ ಇರುತ್ತದೆ. ತ್ರಾಸು ಇರುವುದು ಹೆಸರಿನ ಪಕ್ಕದ ಆ ನಕ್ಷತ್ರದಲ್ಲಿ. "ಏನೋ ಬದಲಾಗಿದೆ" ಎಂದು ತೋರಿಸಲು ಗಿಟ್ ಇಡೀ ಪ್ರಾಜೆಕ್ಟ್ ಸುತ್ತಿ ಬರಬೇಕು.

ನಮ್ಮ ಪ್ರಾಜೆಕ್ಟ್ ಬ್ಯಾಡಗಿ ಮಾರುಕಟ್ಟೆಯ ದಲಾಲರೊಬ್ಬರ ಲೆಕ್ಕದ ಸಾಫ್ಟ್‌ವೇರ್. ಹಾಗಾಗಿ ಹುಡುಗಿಗೆ ಅಲ್ಲಿನ ಕೋಲ್ಡ್ ಸ್ಟೋರೇಜ್ ಉದಾಹರಣೆ ಕೊಟ್ಟೆ. ಒಳಗೆ ಸಾವಿರಾರು ಚೀಲ ಮೆಣಸಿನಕಾಯಿ. ಗುಮಾಸ್ತನ ಕೈಯಲ್ಲಿ ಒಂದು ರಿಜಿಸ್ಟರ್. ಪ್ರತಿ ಚೀಲದ ಚೀಟಿ, ತೂಕ, ಇಟ್ಟ ಜಾಗ ಎಲ್ಲ ಅದರಲ್ಲಿ ಬರೆದಿದೆ. "ಚೀಲದಲ್ಲಿ ಏನಾದರೂ ಬದಲಾಗಿದೆಯಾ?" ಎಂದು ಕೇಳಿದರೆ ಅವನು ಒಂದೊಂದೇ ಚೀಲ ಬಿಚ್ಚುವುದಿಲ್ಲ. ಚೀಟಿಯನ್ನೂ ರಿಜಿಸ್ಟರನ್ನೂ ತಾಳೆ ನೋಡುತ್ತ ನಡೆಯುತ್ತಾನೆ. ಹೊಂದಿದರೆ ಮುಂದಿನ ಚೀಲ. ಚೀಟಿ ಹೊಂದದಿದ್ದರೆ ಮಾತ್ರ ಚೀಲ ಬಿಚ್ಚಿ, ಒಳಗಿರುವುದು ಅದೇ ಡಬ್ಬಿ ತಳಿಯ ಮೆಣಸಿನಕಾಯಿಯೋ, ಕಡ್ಡಿ ತಳಿ ಏನಾದರೂ ಸೇರಿದೆಯೋ ಎಂದು ನೋಡುತ್ತಾನೆ. ಮಾಲು ಅದೇ ಆಗಿದ್ದರೆ ರಿಜಿಸ್ಟರಿನಲ್ಲಿ ಹೊಸ ಚೀಟಿಯ ನಂಬರ್ ಬರೆದುಕೊಳ್ಳುತ್ತಾನೆ. ಮುಂದಿನ ಸಲ ಆ ಚೀಲ ಬಿಚ್ಚಬೇಕಾಗಿಲ್ಲ.

ಗಿಟ್ ಕೂಡ ಹೀಗೇ ಕೆಲಸ ಮಾಡುತ್ತದೆ. ರಿಜಿಸ್ಟರ್ ಅಂದರೆ ಡಾಟ್ ಗಿಟ್ ಒಳಗಿನ ಇಂಡೆಕ್ಸ್ ಎಂಬ ಫೈಲ್. ಚೀಟಿ ಅಂದರೆ ಫೈಲಿನ ಗಾತ್ರ, ಬದಲಾದ ಸಮಯ, ಐನೋಡ್ ನಂಬರ್ (ಫೈಲ್ ಸಿಸ್ಟಮ್ ಪ್ರತಿ ಫೈಲಿಗೆ ಕೊಡುವ ಗುರುತಿನ ಸಂಖ್ಯೆ) ಇತ್ಯಾದಿ. ಇವನ್ನು ಕೇಳಲು ಎಲ್‌ಸ್ಟ್ಯಾಟ್ ಎಂಬ ಸಿಸ್ಟಮ್ ಕಾಲ್ ಸಾಕು, ಫೈಲ್ ತೆರೆಯಬೇಕಾಗಿಲ್ಲ. ಚೀಟಿ ತಪ್ಪಿ, ಗಾತ್ರ ಮಾತ್ರ ಅದೇ ಇದ್ದರೆ, ಗಿಟ್ ಫೈಲನ್ನು ಪೂರ್ತಿ ಓದಿ ಹ್ಯಾಶ್ (ಒಳಗಿನ ವಿಷಯದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ ನೋಡುತ್ತದೆ.

ಇದು ಮೊದಲನೇ ಸುತ್ತು. ಎರಡನೇ ಸುತ್ತಿನಲ್ಲಿ ರಿಜಿಸ್ಟರಿನಲ್ಲಿ ಇಲ್ಲದ ಚೀಲ ಎಲ್ಲಾದರೂ ಇದೆಯಾ ಎಂದು ಮೂಲೆ ಮೂಲೆ ಹುಡುಕುವುದು. ಇವೇ ಅನ್‌ಟ್ರ್ಯಾಕ್ಡ್ ಫೈಲುಗಳು. ಎರಡು ಸುತ್ತಿನಲ್ಲಿ ಯಾವುದು ತಡ ಮಾಡುತ್ತಿದೆ ಎಂದು ತಿಳಿಯದೆ ಔಷಧ ಕೊಡಬಾರದು. ಅದಕ್ಕೇ ಅಳತೆ.

ಅಳೆಯುವುದು

ಟೈಮ್ ಎಂದು ಮುಂದೆ ಸೇರಿಸಿ ಗಿಟ್ ಸ್ಟೇಟಸ್ ಒಮ್ಮೆ ಓಡಿಸಿ "ಇಷ್ಟು ಆಯ್ತು" ಅನ್ನುವುದು ಅಳತೆ ಅಲ್ಲ. ಲ್ಯಾಪ್‌ಟಾಪ್ ಆಗಷ್ಟೇ ಆನ್ ಆಗಿದ್ದರೆ ಮೊದಲ ಸಲ ಎಲ್ಲವೂ ಡಿಸ್ಕಿನಿಂದ ಬರಬೇಕು. ಎರಡನೇ ಸಲ ಮೆಮೊರಿಯಲ್ಲಿರುವ ಕರ್ನಲ್‌ನ ಕ್ಯಾಷ್‌ನಿಂದ ಬರುತ್ತದೆ. ಪ್ರಾಂಪ್ಟ್ ದಿನಕ್ಕೆ ನೂರಾರು ಸಲ ಓಡುವಂಥದ್ದು. ಹಾಗಾಗಿ ನಮಗೆ ಬೇಕಾದದ್ದು ಕ್ಯಾಷ್ ಬೆಚ್ಚಗಾದ ಮೇಲಿನ ಅಳತೆ. ಹೈಪರ್‌ಫೈನ್ ಎಂಬ ಸಣ್ಣ ಉಪಕರಣ ಇದಕ್ಕೆ ಬಹಳ ಒಳ್ಳೆಯದು. ವಾರ್ಮಪ್ 3 ಎಂದು ಕೊಟ್ಟರೆ ಮೊದಲ ಮೂರು ಓಟ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಕನಿಷ್ಠ 10 ಸಲ ಓಡಿಸಿ ಸರಾಸರಿ, ಕಡಿಮೆ, ಜಾಸ್ತಿ ಎಲ್ಲ ಹೇಳುತ್ತದೆ. ಅದು ಇಲ್ಲದಿದ್ದರೆ ಬ್ಯಾಶ್‌ನ ಫಾರ್ ಲೂಪಿನಲ್ಲಿ ಹತ್ತು ಸಲ ಓಡಿಸಿ, ಒಟ್ಟು ಸಮಯವನ್ನು ಹತ್ತರಿಂದ ಭಾಗಿಸಿದರೂ ನಡೆಯುತ್ತದೆ. ಚಾರ್ಜರ್ ಹಾಕಿಡಿ. ಎಡಿಟರ್ ಮುಚ್ಚಿ. ಅದೂ ಹಿಂದಿನಿಂದ ಗಿಟ್ ಓಡಿಸುತ್ತಿರುತ್ತದೆ.

ಆದರೆ ಅಳೆಯುವ ಮೊದಲು ಒಂದು ಕೆಲಸ ಮಾಡಿ. ಡಾಟ್ ಗಿಟ್ ಒಳಗಿನ ಇಂಡೆಕ್ಸ್ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಯಾಕೆ ಅಂದರೆ ಮಾಮೂಲಿ ಗಿಟ್ ಸ್ಟೇಟಸ್ ಓಡಿದಾಗ ರಿಜಿಸ್ಟರನ್ನು ತಾನೇ ತಿದ್ದಿ ಇಡುತ್ತದೆ. ಅಳೆಯಲು ಹೋಗಿ ರೋಗವೇ ವಾಸಿಯಾಗಿಬಿಡಬಹುದು! ಆಮೇಲೆ ಕಾರಣ ಏನಿತ್ತು ಎಂದು ತಲೆ ಕೆರೆದುಕೊಳ್ಳಬೇಕು. ಹಳೆಯ ಇಂಡೆಕ್ಸ್ ಇದ್ದರೆ, ನಡುವೆ ಏನೂ ಆ್ಯಡ್, ಕಮಿಟ್ ಮಾಡದಿದ್ದರೆ, ಅದನ್ನು ವಾಪಸ್ ಹಾಕಿ ದೋಷವನ್ನು ಮತ್ತೆ ಕರೆಯಬಹುದು.

ನಾವು ಅಳೆದದ್ದು ಹೀಗೆ. ಮೊದಲು ಬರೀ ಬ್ರ್ಯಾಂಚ್ ಹೆಸರು: 3 ಮಿಲಿಸೆಕೆಂಡ್. ಆಮೇಲೆ ಗಿಟ್ ಸ್ಟೇಟಸ್‌ಗೆ ಅನ್‌ಟ್ರ್ಯಾಕ್ಡ್ ಫೈಲ್ಸ್ ಈಕ್ವಲ್ ಟು ನೋ ಎಂದು ಕೊಟ್ಟು, ಅಂದರೆ ಎರಡನೇ ಸುತ್ತು ಬೇಡ ಎಂದು ಹೇಳಿ: 3.1 ಸೆಕೆಂಡ್. ಕೊನೆಗೆ ಮಾಮೂಲಿ ಗಿಟ್ ಸ್ಟೇಟಸ್: 3.1ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಕೊನೆಯ ಎರಡು ಅಳತೆ 40 ಮತ್ತು 65 ಮಿಲಿಸೆಕೆಂಡ್.

ಈ ನಾಲ್ಕೈದು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಎರಡನೇ ಸುತ್ತು ಬಿಟ್ಟರೂ ತಡ ಕಡಿಮೆಯಾಗಲಿಲ್ಲ, ಅಲ್ವಾ? ಅಂದರೆ ಅನ್‌ಟ್ರ್ಯಾಕ್ಡ್ ಫೈಲುಗಳದ್ದು ತಪ್ಪಲ್ಲ. ಹೆಚ್ಚಿನವರು ಮೊದಲು ಕೈ ಹಾಕುವುದು ಅಲ್ಲಿಗೇ. ಅನ್‌ಟ್ರ್ಯಾಕ್ಡ್ ಕ್ಯಾಷ್ ಆನ್ ಮಾಡು, ಇಗ್ನೋರ್ ಫೈಲ್ ತಿದ್ದು ಎಂದು ಶುರು ಮಾಡುತ್ತಾರೆ. ನಾವೂ ಹಾಗೆ ಮಾಡಿದ್ದರೆ ಹೇಳಿಕೊಳ್ಳುವಷ್ಟು ಏನೂ ಉಳಿಯುತ್ತಿರಲಿಲ್ಲ.

ಹಾಗಾದರೆ ಮೊದಲನೇ ಸುತ್ತು. ಗಿಟ್‌ನ ಎಲ್‌ಎಸ್ ಫೈಲ್ಸ್ ಕಮಾಂಡಿನ ಸಾಲು ಎಣಿಸಿದರೆ ರೆಪೊದಲ್ಲಿ ಸುಮಾರು 9,000 ಫೈಲುಗಳು. ಎಲ್‌ಸ್ಟ್ಯಾಟ್ ಅಂದರೆ ಮೈಕ್ರೊಸೆಕೆಂಡ್ ಲೆಕ್ಕದ ಕೆಲಸ. 9,000 ಚೀಟಿ ನೋಡಲು ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ಹಳೆಯ ಯಂತ್ರ ಅದನ್ನೇ ತೋರಿಸುತ್ತಿದೆ. ಮೂರು ಸೆಕೆಂಡ್ ಆಗುತ್ತಿದೆ ಅಂದರೆ ಗುಮಾಸ್ತ ಚೀಟಿ ನೋಡುತ್ತಿಲ್ಲ, ಚೀಲ ಬಿಚ್ಚುತ್ತಿದ್ದಾನೆ.

ಇದನ್ನು ಖಚಿತ ಮಾಡಿಕೊಳ್ಳಲು ಲಿನಕ್ಸ್‌ನ ಎಸ್‌ಟ್ರೇಸ್ ಇದೆ. ಗಿಟ್ ಸ್ಟೇಟಸ್ ಮುಂದೆ ಎಸ್‌ಟ್ರೇಸ್ ಹಾಕಿ ಸಿ ಮತ್ತು ಎಫ್ ಆಪ್ಶನ್ ಕೊಟ್ಟರೆ ಯಾವ ಸಿಸ್ಟಮ್ ಕಾಲ್ ಎಷ್ಟು ಸಲ ಎಂದು ಪಟ್ಟಿ ಬರುತ್ತದೆ. ಎಸ್‌ಟ್ರೇಸ್ ಒಳಗೆ ಓಡುವಾಗ ಎಲ್ಲವೂ ನಿಧಾನ. ಹಾಗಾಗಿ ಅಲ್ಲಿನ ಸಮಯ ನಂಬಬೇಡಿ, ಎಣಿಕೆ ಮಾತ್ರ ನೋಡಿ. ಎರಡೂ ಯಂತ್ರದಲ್ಲಿ ಸ್ಟ್ಯಾಟ್ ಎಣಿಕೆ ಹೆಚ್ಚೂ ಕಡಿಮೆ ಒಂದೇ. ಫೈಲ್ ತೆರೆಯುವ ಓಪನ್‌ಆ್ಯಟ್ ಎಣಿಕೆ ಮಾತ್ರ ಹಳೆಯದರಲ್ಲಿ ಕೆಲವು ನೂರು, ಹೊಸದರಲ್ಲಿ 9,000 ದಾಟಿತ್ತು. ಒಂದೊಂದೇ ಫೈಲ್ ತೆರೆದು ಓದುತ್ತಿದೆ! ಅದೂ ಎಂಥ ಫೈಲುಗಳು? ಮಾರಾಟಕ್ಕೆ ಬಂದ ಮೆಣಸಿನಕಾಯಿ ಲಾಟುಗಳ ಫೋಟೊಗಳು. ಫೋಟೊಗಳನ್ನು ಕೋಡ್ ಜೊತೆಗೇ ಗಿಟ್‌ಗೆ ಹಾಕಿದ್ದೇವೆ. ಹಾಗೆ ಮಾಡಬಾರದು ಎಂದು ಗೊತ್ತು, ಬೈಯಬೇಡಿ. ಒಟ್ಟು ಒಂದು ಜಿಬಿ ಹತ್ತಿರ. ಪ್ರತಿ ಎಂಟರ್‌ಗೂ ಒಂದು ಜಿಬಿ ಓದಿ ಹ್ಯಾಶ್ ಲೆಕ್ಕ. ಮೂರು ಸೆಕೆಂಡಿನಲ್ಲಿ ಮುಗಿಯುತ್ತಿತ್ತು ಅಂದರೆ ಹೊಸ ಲ್ಯಾಪ್‌ಟಾಪ್ ಬಹಳ ಚುರುಕಾಗಿಯೇ ಇತ್ತು ಎಂದಾಯಿತು.

ಎಸ್‌ಟ್ರೇಸ್ ಬೇಡ ಅನ್ನುವವರಿಗೆ ಗಿಟ್‌ನಲ್ಲೇ ದಾರಿ ಇದೆ. ಗಿಟ್ ಟ್ರೇಸ್2 ಪರ್ಫ್ ಎಂಬ ವೇರಿಯೇಬಲ್‌ಗೆ 1 ಕೊಟ್ಟು ಸ್ಟೇಟಸ್ ಓಡಿಸಿ. ಇಂಡೆಕ್ಸ್ ರಿಫ್ರೆಶ್‌ಗೆ ಎಷ್ಟು, ಅನ್‌ಟ್ರ್ಯಾಕ್ಡ್‌ಗೆ ಎಷ್ಟು ಎಂದು ಹಂತ ಹಂತವಾಗಿ ಬರುತ್ತದೆ. ನಮ್ಮಲ್ಲಿ ಎಲ್ಲ ಸಮಯ ರಿಫ್ರೆಶ್ ಎಂಬ ಒಂದೇ ಸಾಲಿನಲ್ಲಿ ಕೂತಿತ್ತು.

ಚೀಟಿ ಯಾಕೆ ತಪ್ಪಿತು?

ಇಲ್ಲಿ ಎರಡು ಕಾರಣ ಒಂದರ ಮೇಲೊಂದು ಕೂತಿದ್ದವು. ಒಂದೊಂದೇ ಆಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಮೊದಲನೆಯದು, ಪ್ರಾಜೆಕ್ಟನ್ನು ಹೊಸ ಲ್ಯಾಪ್‌ಟಾಪಿಗೆ ತಂದ ರೀತಿ. ಹುಡುಗಿ ಕ್ಲೋನ್ ಮಾಡಿರಲಿಲ್ಲ. ಆಫೀಸಿನ ನೆಟ್ ಆ ದಿನ ಕೈ ಕೊಟ್ಟಿತ್ತು. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇಡೀ ಫೋಲ್ಡರ್ ಕಾಪಿ ಮಾಡಿ ತಂದಳು. ಸಿಪಿ ಕಮಾಂಡಿಗೆ ಎ ಆಪ್ಶನ್ ಕೂಡ ಕೊಟ್ಟಿದ್ದಳು, ಸಮಯ ಬದಲಾಗಬಾರದು ಎಂದು. ಜಾಣತನದ ಕೆಲಸವೇ. ಅದರಿಂದ ಎಂಟೈಮ್ (ಒಳಗಿನ ವಿಷಯ ಬದಲಾದ ಸಮಯ) ಉಳಿಯುತ್ತದೆ, ಆದರೆ ಅಷ್ಟೇ ಸಾಲದು. ಸಿಟೈಮ್ (ಫೈಲಿನ ಮಾಹಿತಿ ಕೊನೆಗೆ ಬದಲಾದ ಸಮಯ) ಮತ್ತು ಐನೋಡ್ ನಂಬರ್‌ಗಳನ್ನು ಯಾವ ಕಾಪಿಯೂ ಉಳಿಸಲಾಗದು. ಅವನ್ನು ಕೊಡುವುದು ಹೊಸ ಡಿಸ್ಕಿನ ಫೈಲ್ ಸಿಸ್ಟಮ್. ಡಾಟ್ ಗಿಟ್ ಒಳಗಿನ ರಿಜಿಸ್ಟರ್ ಹಳೆಯ ಗೋದಾಮಿನದು, ಚೀಟಿಗಳೆಲ್ಲ ಹೊಸ ಗೋದಾಮಿನವು. 9,000 ಚೀಲದಲ್ಲಿ ಒಂದೂ ಹೊಂದುವುದಿಲ್ಲ.

ಹಾಗಿದ್ದರೂ ಇದು ಒಂದೇ ಸಲದ ತಡ ಆಗಬೇಕಿತ್ತು. ಮೊದಲ ಸ್ಟೇಟಸ್ ಎಲ್ಲ ಬಿಚ್ಚಿ ನೋಡಿ, ರಿಜಿಸ್ಟರ್ ತಿದ್ದಿ, ಎರಡನೇ ಸಲದಿಂದ ಚುರುಕಾಗಬೇಕಿತ್ತು. ತಿದ್ದಲಿಲ್ಲ ಯಾಕೆ? ತಿದ್ದಬೇಡ ಎಂದು ಗುಮಾಸ್ತನ ಕೈ ಕಟ್ಟಿದವನು ನಾನೇ.

ಹೋದ ವರ್ಷ ನಮಗೆ ಇನ್ನೊಂದು ಕಾಟ ಇತ್ತು. ರಿಬೇಸ್ ನಡೆಯುವಾಗ ಆಗೊಮ್ಮೆ ಈಗೊಮ್ಮೆ ಇಂಡೆಕ್ಸ್ ಲಾಕ್ ಫೈಲ್ ಈಗಾಗಲೇ ಇದೆ ಎಂದು ಗಿಟ್ ಮುನಿಸಿಕೊಂಡು ನಿಲ್ಲುತ್ತಿತ್ತು. ಇನ್ನೊಂದು ಟರ್ಮಿನಲ್‌ನ ಪ್ರಾಂಪ್ಟ್ ಅದೇ ಹೊತ್ತಿಗೆ ಸ್ಟೇಟಸ್ ಓಡಿಸಿ, ರಿಜಿಸ್ಟರ್ ತಿದ್ದಲು ಲಾಕ್ ಹಿಡಿಯುತ್ತಿದ್ದದ್ದು ಕಾರಣ. ಇದಕ್ಕೆ ಗಿಟ್ 2.15ರಲ್ಲಿ, ಅಂದರೆ 2017ರಲ್ಲಿ, ನೋ ಆಪ್ಶನಲ್ ಲಾಕ್ಸ್ ಎಂಬ ಆಪ್ಶನ್ ಬಂದಿದೆ. ಗಿಟ್ ಆಪ್ಶನಲ್ ಲಾಕ್ಸ್ ಎಂಬ ವೇರಿಯೇಬಲ್‌ಗೆ 0 ಕೊಟ್ಟರೂ ಅದೇ ಫಲ. ಹಿಂದಿನಿಂದ ಸ್ಟೇಟಸ್ ಓಡಿಸುವ ಸ್ಕ್ರಿಪ್ಟುಗಳು ಇದನ್ನು ಬಳಸಲಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ನಾನು ಬಳಸಿದೆ. ಆದರೆ ಸೋಮಾರಿತನ ನೋಡಿ, ಪ್ರಾಂಪ್ಟಿನ ಫಂಕ್ಷನ್ ಒಳಗೆ ಹಾಕುವ ಬದಲು ಎಲ್ಲರೂ ಹಂಚಿಕೊಳ್ಳುವ ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿಬಿಟ್ಟೆ. ಅಂದಿನಿಂದ ಪ್ರಾಂಪ್ಟ್ ಮಾತ್ರವಲ್ಲ, ಕೈಯಾರೆ ಕೊಡುವ ಗಿಟ್ ಸ್ಟೇಟಸ್ ಕೂಡ ರಿಜಿಸ್ಟರ್ ಮುಟ್ಟುವುದನ್ನು ಬಿಟ್ಟಿತು. ನೋಆರ್‌ಸಿ ಹಾಕಿ ತೆರೆದ ಬೋಳು ಬ್ಯಾಶ್‌ನಲ್ಲೂ ಸ್ಟೇಟಸ್ ತಡವಾದದ್ದು ಇದಕ್ಕೇ. ಎಕ್ಸ್‌ಪೋರ್ಟ್ ಆದ ವೇರಿಯೇಬಲ್ ಅದಕ್ಕೂ ಬಳುವಳಿಯಾಗಿ ಹೋಗುತ್ತದೆ.

ಇದರಿಂದ ಇನ್ನೊಂದು ಹಳೆಯ ಒಗಟೂ ಬಗೆಹರಿಯಿತು. ಕೆಲವು ವಾರದ ಹಿಂದೆ ನಮ್ಮ ಇನ್ನೊಬ್ಬ ಹುಡುಗ ಇದೇ ದೂರು ಹೇಳಿದ್ದ. ಊಟ ಮಾಡಿ ಬಂದು ನೋಡಿದರೆ ತಾನಾಗೇ ಸರಿಯಾಗಿತ್ತು. ಅವನು ಊಟಕ್ಕೆ ಏಳುವ ಮುಂಚೆ ಕಮಿಟ್ ಮಾಡಿದ್ದ. ಕಮಿಟ್ ಹಿಡಿಯುವ ಲಾಕ್ ಆಪ್ಶನಲ್ ಅಲ್ಲ, ಅದು ರಿಜಿಸ್ಟರನ್ನು ತಿದ್ದಿಯೇ ತಿದ್ದುತ್ತದೆ. ನಮ್ಮ ಹುಡುಗಿ ಇನ್ನೂ ಕೋಡ್ ಓದಿ ಕಲಿಯುತ್ತಿದ್ದವಳು. ಎರಡು ದಿನದಲ್ಲಿ ಒಂದೂ ಕಮಿಟ್ ಮಾಡಿರಲಿಲ್ಲ.

ಸರಿ ಮಾಡಿದ್ದು

ಅಪ್‌ಡೇಟ್ ಇಂಡೆಕ್ಸ್ ಎಂಬ ಗಿಟ್ ಕಮಾಂಡಿಗೆ ರಿಫ್ರೆಶ್ ಆಪ್ಶನ್ ಕೊಟ್ಟು ಒಂದು ಸಲ ಓಡಿಸಿದೆವು. ಕೊನೆಯ ಮೂರು ಸೆಕೆಂಡ್ ಅದೇ. ಆಮೇಲಿನ ಎಂಟರ್‌ಗೆ ಪ್ರಾಂಪ್ಟ್ ಕಣ್ಣು ಮಿಟುಕಿಸುವ ಮುಂಚೆ ಬಂತು. "ಇಷ್ಟs ಏನ್ರೀ?" ಎಂದಳು ಹುಡುಗಿ. ಇಷ್ಟೇ.

ಕಾಕತಾಳೀಯ ಇರಬಹುದಲ್ಲ ಎಂದು ಪರೀಕ್ಷೆಯನ್ನು ತಿರುಗಿಸಿ ಮಾಡಿದೆವು. ತೆಗೆದಿಟ್ಟಿದ್ದ ಹಳೆಯ ಇಂಡೆಕ್ಸ್ ವಾಪಸ್ ಹಾಕಿದಾಗ 3.1 ಸೆಕೆಂಡ್ ಹಾಜರ್. ವೇರಿಯೇಬಲ್ ಅನ್‌ಸೆಟ್ ಮಾಡಿ ಸ್ಟೇಟಸ್ ಕೊಟ್ಟಾಗ ಮೊದಲನೆಯದು ತಡ, ಎರಡನೆಯದು ಚುರುಕು. ಹಳೆಯ ಲ್ಯಾಪ್‌ಟಾಪಿನಲ್ಲೂ ಫೋಲ್ಡರನ್ನು ಪಕ್ಕಕ್ಕೆ ಕಾಪಿ ಮಾಡಿ ಒಳಗೆ ಹೋದರೆ ಅಲ್ಲೂ ಅದೇ ರೋಗ. ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅದೂ ರಿಪೇರಿಯ ಒಂದು ಭಾಗವೇ.

ಬ್ಯಾಶ್‌ಆರ್‌ಸಿಯ ಎಕ್ಸ್‌ಪೋರ್ಟ್ ಸಾಲು ತೆಗೆದು, ಪ್ರಾಂಪ್ಟಿನ ಫಂಕ್ಷನ್ ಒಳಗಿನ ಗಿಟ್ ಕಮಾಂಡಿಗೆ ಮಾತ್ರ ನೋ ಆಪ್ಶನಲ್ ಲಾಕ್ಸ್ ಹಾಕಿದೆವು. ಈಗ ಪ್ರಾಂಪ್ಟ್ ಲಾಕ್ ಹಿಡಿಯುವುದಿಲ್ಲ, ಕೈಯಾರೆ ಕೊಟ್ಟ ಸ್ಟೇಟಸ್ ರಿಜಿಸ್ಟರ್ ತಿದ್ದುತ್ತದೆ.

ನಿಮ್ಮ ಅಳತೆ ಬೇರೆ ಕಡೆ ಬೆರಳು ತೋರಿಸಿದರೆ

ಅನ್‌ಟ್ರ್ಯಾಕ್ಡ್ ಬೇಡ ಎಂದಾಗ ತಡ ಹೋದರೆ ಎರಡನೇ ಸುತ್ತೇ ಕಾರಣ. ಮೊದಲು ಗ್ಲೋಬಲ್ ಕಾನ್ಫಿಗ್‌ನಲ್ಲಿ ಶೋ ಅನ್‌ಟ್ರ್ಯಾಕ್ಡ್ ಫೈಲ್ಸ್ ಎಂಬುದಕ್ಕೆ ಆಲ್ ಎಂದು ಕೊಟ್ಟಿದ್ದೀರಾ ನೋಡಿ. ಮಾಮೂಲಿಯಾಗಿ ಗಿಟ್ ಅನ್‌ಟ್ರ್ಯಾಕ್ಡ್ ಫೋಲ್ಡರಿನ ಹೆಸರು ಹೇಳಿ ಸುಮ್ಮನಾಗುತ್ತದೆ. ಆಲ್ ಅಂದರೆ ಒಳಗಿನ ಪ್ರತಿ ಫೈಲನ್ನೂ ಹೆಕ್ಕುತ್ತದೆ. ಆಮೇಲೆ ಅನ್‌ಟ್ರ್ಯಾಕ್ಡ್ ಕ್ಯಾಷ್. ಆನ್ ಮಾಡುವ ಮುಂಚೆ ಅಪ್‌ಡೇಟ್ ಇಂಡೆಕ್ಸ್‌ನ ಟೆಸ್ಟ್ ಅನ್‌ಟ್ರ್ಯಾಕ್ಡ್ ಕ್ಯಾಷ್ ಆಪ್ಶನ್ ಓಡಿಸಿದರೆ ನಿಮ್ಮ ಫೈಲ್ ಸಿಸ್ಟಮ್ ಅದಕ್ಕೆ ಒಗ್ಗುತ್ತದೋ ಇಲ್ಲವೋ ಹೇಳುತ್ತದೆ. ವಿಂಡೋಸ್, ಮ್ಯಾಕ್‌ನವರಿಗೆ 2022ರ ಗಿಟ್ 2.37ರಿಂದ ಬದಲಾದ ಫೈಲುಗಳ ಮೇಲೆ ಕಣ್ಣಿಡುವ ಎಫ್‌ಎಸ್‌ಮಾನಿಟರ್ ಒಳಗೇ ಬಂದಿದೆ. ಲಕ್ಷಗಟ್ಟಲೆ ಫೈಲ್ ಇದ್ದವರಿಗೆ ಅದು ವರ. ನಮ್ಮಂಥ ಸಣ್ಣ ರೆಪೊಗೆ ಅನವಶ್ಯಕ ಎಂದು ನನ್ನ ಅಭಿಪ್ರಾಯ.

ವಿಂಡೋಸ್ ಮೇಲೆ ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಬಳಸುವವರು ಪ್ರಾಜೆಕ್ಟ್ ಸಿ ಡ್ರೈವಿನಲ್ಲಿ ಇಟ್ಟಿದ್ದರೆ ಬೇರೇನೂ ಹುಡುಕಬೇಡಿ. ಲಿನಕ್ಸ್ ಕಡೆಯ ಹೋಮ್ ಫೋಲ್ಡರಿಗೆ ಕ್ಲೋನ್ ಮಾಡಿಕೊಳ್ಳಿ. ಸಿ ಡ್ರೈವಿನಲ್ಲಿದ್ದರೆ ಪ್ರತಿ ಎಲ್‌ಸ್ಟ್ಯಾಟ್ ಕೂಡ 9ಪಿ ಎಂಬ ಪ್ರೋಟೋಕಾಲ್ ದಾಟಿ ಹೋಗಿ ಬರಬೇಕು. ಗಿಟ್ ಬ್ಯಾಶ್ ಆದರೆ ಕಥೆ ಬೇರೆ. ಅಲ್ಲಿ ಹೊಸ ಪ್ರೊಸೆಸ್ ಹುಟ್ಟಿಸುವುದೇ ದುಬಾರಿ. ಹಾಗಾಗಿ ಪ್ರಾಂಪ್ಟ್ ಎಷ್ಟು ಸಲ ಗಿಟ್ ಕರೆಯುತ್ತಿದೆ ಎಂದು ಎಣಿಸಿ. ಬ್ರ್ಯಾಂಚಿಗೊಂದು, ಸ್ಟ್ಯಾಷ್‌ಗೊಂದು, ಅಪ್‌ಸ್ಟ್ರೀಮ್‌ಗೊಂದು ಎಂದು ನಾಲ್ಕೈದು ಸಲ ಇದ್ದರೆ ಒಂದೇ ಸ್ಟೇಟಸ್‌ನಲ್ಲಿ ತರಿಸಿಕೊಳ್ಳಿ. ಸಬ್‌ಮಾಡ್ಯೂಲ್ (ರೆಪೊ ಒಳಗಿನ ರೆಪೊ) ಇದ್ದರೆ ಇಗ್ನೋರ್ ಸಬ್‌ಮಾಡ್ಯೂಲ್ಸ್ ಕೊಟ್ಟು ಒಮ್ಮೆ ಅಳೆಯಿರಿ.

ಸ್ಟಾರ್‌ಶಿಪ್ ಎಂಬ ಸಿದ್ಧ ಪ್ರಾಂಪ್ಟ್ ಬಳಸುವವರಿಗೆ ಟೈಮಿಂಗ್ಸ್ ಎಂಬ ಉಪಕಮಾಂಡ್ ಇದೆ. ಯಾವ ಭಾಗ ಎಷ್ಟು ಸಮಯ ತಿಂದಿತು ಎಂದು ನೇರವಾಗಿ ತೋರಿಸುತ್ತದೆ. ಅದರ ಕಮಾಂಡ್ ಟೈಮ್‌ಔಟ್ ಮಾಮೂಲಿಯಾಗಿ 500 ಮಿಲಿಸೆಕೆಂಡ್. ಎಚ್ಚರಿಕೆ ಸಾಲು ಬರುತ್ತಿದೆ ಎಂದು ಅದನ್ನು ಹೆಚ್ಚಿಸುವವರಿದ್ದಾರೆ. ಅದು ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ. ಜೆಡ್‌ಶ್‌ನ ಪವರ್‌ಲೆವೆಲ್10ಕೆ ಎಂಬ ಪ್ರಾಂಪ್ಟ್ ಥೀಮ್ ತಡವಾದ ಗಿಟ್ ಸುದ್ದಿಗೆ ಕಾಯದೆ ಪ್ರಾಂಪ್ಟ್ ಕೊಟ್ಟು, ಆಮೇಲೆ ತಿದ್ದಿ ಬರೆಯುತ್ತದೆ. ಕಣ್ಣಿಗೆ ಚುರುಕು ಕಾಣುತ್ತದೆ. ಆದರೆ ನಮ್ಮಂಥ ದೋಷ ಇದ್ದರೆ ಒಂದು ಜಿಬಿ ಓದುವ ಕೆಲಸ ಹಿಂದೆ ನಡೆದೇ ಇರುತ್ತದೆ, ಫ್ಯಾನ್ ಸದ್ದು ಮಾತ್ರ ಕೇಳುತ್ತದೆ.

ಹುಡುಗಿಯ ಯಂತ್ರದಲ್ಲಿ ಈಗ ಪ್ರಾಂಪ್ಟಿನ ಸ್ಟೇಟಸ್ 50 ಮಿಲಿಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅನ್‌ಟ್ರ್ಯಾಕ್ಡ್ ಸುತ್ತಿನದು. ಅದನ್ನೂ ಇಳಿಸೋಣವೇ ಎಂದು ಕೇಳಿದಳು. ಬೇಡ ಎಂದೆ. ಹತ್ತನೇ ಒಂದು ಸೆಕೆಂಡಿಗಿಂತ ಕಡಿಮೆಯಾದದ್ದು ಬೆರಳಿಗೆ ತಿಳಿಯುವುದಿಲ್ಲ. ಸೋಮವಾರ ಫೋಟೊಗಳನ್ನು ಗಿಟ್‌ನಿಂದ ಹೊರಗೆ ಹಾಕುವ ಕೆಲಸ ಶುರು ಮಾಡಬೇಕು.